ಕೆಟುರಾಳ ಲಂಗ ಉಟ್ಟ ಮೋಶೆ

ಅಮೆರಿಕದ ಇಲಿನಾಯ್‌ನಲ್ಲಿ ಮಾರ್ಮನ್ ಪಂಥದವರ ಮನೆಗಳಿಗೆ ಪುಂಡರು ಬೆಂಕಿ ಹಚ್ಚಿದ ದಿನವೇ ಕೆಟುರಾಳ ಗಂಡ ಫಿಲಾಂಡರ್ ಟ್ವಿಚೆಲ್ ಗಡ್ಡ ಬಿಡಲು ಶುರುಮಾಡಿದ.

"ಬೈಬಲಿನ ಇಸ್ರಾಯೇಲರು ನಾವೇ ಕಣೇ. ಅವರನ್ನ ಕಾಡಿದ ಫರೋಹನ ಐಗುಪ್ತ ಇದೇ. ಇನ್ನು ಹೊರಡೋದೊಂದೇ ಬಾಕಿ."

ಹೊಗೆಯೊಳಗಿಂದ ಬಾಣಲೆ ಎಳೆದು ತರುತ್ತಿದ್ದ ಕೆಟುರಾ, "ಇಸ್ರಾಯೇಲರು ಹೆಂಡ್ತಿ ಕೆಲಸಕ್ಕೆ ಕೈ ಜೋಡಿಸ್ತಿರ್ಲಿಲ್ವಾ?" ಎಂದಳು.

ಹೆಪ್ಪುಗಟ್ಟಿದ ಮಿಸಿಸಿಪ್ಪಿ ನದಿಯ ಮೇಲೆ ಬಂಡಿಗಳು ದಾಟಿದಾಗ ಅವನ ಪಾಲಿಗೆ ಅದು ಇಸ್ರಾಯೇಲರಿಗೆ ದಾರಿ ಬಿಟ್ಟ ಕೆಂಪು ಸಮುದ್ರ. ಇಸ್ರಾಯೇಲರಿಗೆ ದೇವರು ಕಳಿಸಿದಂತೆಯೇ ಪಾಳೆಯಕ್ಕೆ ಲಾವಕ್ಕಿಗಳು ಬಂದು ಬಿದ್ದಾಗ ಅವನು ಅಳುತ್ತಾ ತಿಂದ, ತಿನ್ನುತ್ತಾ ಅತ್ತ. ಸೊಳ್ಳೆ ಕಚ್ಚಿದರೆ, "ಇದು ಫರೋಹನಿಗೆ ಹೋಗಬೇಕಾದ ಪಿಡುಗು, ವಿಳಾಸ ತಪ್ಪಿದೆ," ಎನ್ನುತ್ತಿದ್ದ. ಪ್ಲಾಟ್ ನದಿಯ ಬಯಲು ಮುಟ್ಟುವಷ್ಟರಲ್ಲಿ ಗಡ್ಡ ಎದೆಗಿಳಿದಿತ್ತು, ಇಸ್ರಾಯೇಲರನ್ನು ನಡೆಸಿದ ಮೋಶೆಯ ಹಾಗೆ ಕೈಗೊಂದು ಕೋಲೂ ಬಂದಿತ್ತು.

ಒಂದು ದಿನ ನದಿಯನ್ನು ಬಿಟ್ಟು ದಿಬ್ಬದ ಮೇಲಿನ ಅಡ್ಡದಾರಿ ಹಿಡಿದರು. ಬಿಸಿಲು ಸುಡುತ್ತಿತ್ತು, ಪೀಪಾಯಿಗಳು ಬರಿದಾಗಿದ್ದವು. ಫಿಲಾಂಡರ್ ಒಂದು ಬಂಡೆಯ ಮುಂದೆ ಹೋಗಿ ನಿಂತ.

"ಸಂಜೆಗೆ ನದಿ ಸಿಗುತ್ತೆ, ಸುಮ್ನೆ ಬಾರಣ್ಣ," ಎಂದ ತಂಡದ ನಾಯಕ ಆಲ್ಫಿಯಸ್ ಗಿಬ್ಬಲ್.

"ಬಂಡೆಗೆ ಹೊಡೆದು ನೀರು ತರಿಸೋ ಮುಂಚೆ ಮೋಶೆಗೂ ಹೀಗೇ ಅಂದಿರ್ತಾರೆ," ಎಂದವನೇ ಫಿಲಾಂಡರ್ ಕೋಲೆತ್ತಿ ಬಂಡೆಗೆ ಎರಡೇಟು ಬಿಗಿದ.

ಬಂಡೆಯ ಬುಡದಿಂದ ನೀರು ಬರಲಿಲ್ಲ. ಬೆಕ್ಕಿನ ಗಾತ್ರದ, ಬಿಳಿ ಪಟ್ಟೆಯ ಸ್ಕಂಕೊಂದು ಬಂತು. ನಿದ್ದೆಗೆಟ್ಟ ಸಿಟ್ಟಿನಲ್ಲಿ ಅವನಿಗೆ ಬೆನ್ನು ತಿರುಗಿಸಿತು, ಬಾಲ ಎತ್ತಿತು, ಗಡ್ಡದಿಂದ ಬೂಟಿನವರೆಗೂ ಗಬ್ಬು ನಾರುವ ರಸದ ಅಭಿಷೇಕ ಮಾಡಿಬಿಟ್ಟಿತು.

ಎತ್ತುಗಳು ಬೆದರಿ ನೊಗ ಎಳೆದಾಡಿದವು. ಹೆಂಗಸರು ಸೆರಗಿಲ್ಲದ ನಾಡಿನಲ್ಲಿ ಏಪ್ರನ್ ಎತ್ತಿ ಮೂಗು ಮುಚ್ಚಿಕೊಂಡರು. ಅವನಿಗಿದ್ದ ಒಂದೇ ಷರಾಯಿಯನ್ನು ಮಣ್ಣಿನಲ್ಲಿ ಹೂತದ್ದಾಯಿತು. ಕೆಟುರಾ ತನ್ನ ಹೂವಿನ ಲಂಗವನ್ನು ಕೋಲಿನ ತುದಿಗೆ ಸಿಕ್ಕಿಸಿ ದೂರದಿಂದಲೇ ಚಾಚಿದಳು.

"ನಗಬೇಡ," ಎಂದ ಅವನು.

"ಉಸಿರು ಬಿಟ್ರೆ ತಾನೇ ನಗೋದು!"

ಗಾಳಿ ಹಿಂದಿನಿಂದ ಬೀಸುತ್ತಿದ್ದುದರಿಂದ ಗಿಬ್ಬಲ್ ಅವನನ್ನು ಎಲ್ಲರಿಗಿಂತ ಮುಂದಕ್ಕೆ ಅಟ್ಟಿದ. ಫಿಲಾಂಡರ್ ಲಂಗ ಎತ್ತಿ ಹಿಡಿದು, ನದಿಯಲ್ಲಿ ಮುಳುಗುವ ಆತುರದಲ್ಲಿ, ದಿಬ್ಬ ಇಳಿದು ಓಡಿಯೇಬಿಟ್ಟ.

ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಎದುರಿನಿಂದ ಧೂಳು ಗೋಡೆಯ ಹಾಗೆ ಎದ್ದು ಬಂತು. ಪಕ್ಕದ ಬಂಡಿಯೂ ಕಾಣದು, ದಾರಿ ಯಾವ ಕಡೆಗೋ ಯಾರಿಗೂ ತಿಳಿಯದು. ಗಿಬ್ಬಲ್ ಪ್ರಾರ್ಥನೆಗೆ ಟೋಪಿ ತೆಗೆದ. ಗಾಳಿ ಟೋಪಿಯನ್ನೇ ಹೊತ್ತೊಯ್ಯಿತು. ಆಗ ಕೆಟುರಾ ಮೂಗರಳಿಸಿದಳು.

"ಅದು ನನ್ನ ಗಂಡ! ಈ ಕಡೆ ಹೊಡೀರಿ!"

ವಾಸನೆ ತೆಳುವಾದಾಗ ನಿಂತರು, ದಟ್ಟವಾದಾಗ ನಡೆದರು. ಕಣ್ಣಲ್ಲಿ ನೀರು ಬಂದಷ್ಟೂ ದಾರಿ ಸರಿಯಿದೆ ಎಂದು ಧೈರ್ಯ ತಂದುಕೊಂಡರು. ಧೂಳು ಇಳಿದಾಗ ಎದುರಿಗೆ ನದಿ ಇತ್ತು. ಅದರೊಳಗೆ ಕುತ್ತಿಗೆಯವರೆಗೆ ಮುಳುಗಿ ಫಿಲಾಂಡರ್ ಕೂತಿದ್ದ. ಹೂವಿನ ಲಂಗ ಅವನ ಸುತ್ತ ಕೊಡೆಯಂತೆ ತೇಲುತ್ತಿತ್ತು.

"ದಾರಿ ತೋರಿಸೋಕೆ ಇಸ್ರಾಯೇಲರ ಮುಂದೆ ಮೇಘಸ್ತಂಭ ಹೋಗ್ತಿತ್ತು ಅಂತ ಓದಿದ್ದೆ," ಎಂದ ಗಿಬ್ಬಲ್, ಮೂಗು ಹಿಡಿದುಕೊಂಡೇ. "ಅದಕ್ಕೆ ಗಡ್ಡ ಇರುತ್ತೆ ಅಂತ ಗೊತ್ತಿರ್ಲಿಲ್ಲ."

ಪಾಳೆಯವೆಲ್ಲ ಬಿದ್ದು ಬಿದ್ದು ನಕ್ಕಿತು. ಫಿಲಾಂಡರ್ ಮಾತ್ರ ನಗಲಿಲ್ಲ. ಕೆಟುರಾ ದಡದಲ್ಲಿ ಕಾಡೆಮ್ಮೆಯ ಬೆರಣಿಗೆ ಉರಿ ಹಚ್ಚಿ ಮೆಕ್ಕೆಜೋಳದ ರೊಟ್ಟಿ ಸುಟ್ಟು ಅವನತ್ತ ಎಸೆದಳು. ಅವನು ಹಿಡಿದುಕೊಂಡ, ತಿನ್ನಲಿಲ್ಲ.

"ನನಗೆ ಭಯ ಕಣೇ," ಎಂದ ಮೆಲ್ಲಗೆ. "ನಾವು ಎಲ್ಲಿಗೆ ಹೋಗ್ತಿದೀವೋ ಯಾರೂ ನೋಡಿಲ್ಲ. ಆ ಕತೇಲಾದ್ರೆ ಕೊನೆಗೆ ತಲುಪ್ತಾರೆ. ಅದಕ್ಕೇ ಹಿಡ್ಕೊಂಡಿದ್ದೆ."

ಇಷ್ಟು ದಿನ ಅದು ಜಂಬ ಎಂದುಕೊಂಡಿದ್ದಳು ಕೆಟುರಾ.

ಬೆಳಿಗ್ಗೆ ಬಂಡಿಯನ್ನು ನೆರೆಯವರಿಗೆ ಒಪ್ಪಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಎಲ್ಲರಿಗಿಂತ ಮುಂದೆ ಗಂಡನ ಪಕ್ಕ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು:

"ಮೋಶೆಗೂ ಹೆಂಡ್ತಿ ಇದ್ಲಲ್ಲ? ಅವಳೇನು ಮಾಡ್ತಿದ್ಲು?"

"ಚಿಪ್ಪೋರಾ," ಎಂದ. "ಅದರ ಬಗ್ಗೆ ಜಾಸ್ತಿ ಬರೆದಿಲ್ಲ ಕಣೇ."

"ಗೊತ್ತಿತ್ತು," ಎಂದಳು ಕೆಟುರಾ. "ಸರಿ, ಬೇಗ ಬೇಗ ಹೆಜ್ಜೆ ಹಾಕು. ಹಿಂದೆ ಇರೋರು ಹತ್ರ ಬರ್ತಿದಾರೆ, ಪಾಪ."