ಮಾವನ ಗೆರೆ, ಅತ್ತೆಯ ಕೈ

ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದ ಮೇಲೆ ಮಾವ ಅವರನ್ನು ಒಬ್ಬರನ್ನೇ ಒಳಗೆ ಬಿಡುತ್ತಿರಲಿಲ್ಲ. ಬಾಗಿಲು ಅರ್ಧ ತೆರೆದಿಟ್ಟು ಅಲ್ಲೇ ನಿಲ್ಲುತ್ತಿದ್ದರು. ಮೂಳೆ ಮುರಿದಿರಲಿಲ್ಲ, ಮಂಡಿ ಮಾತ್ರ ಮೊದಲಿನಂತಾಗಲಿಲ್ಲ. ಗೋಡೆಗೆ ಹಿಡಿಕೆ ಹಾಕಿಸಿ ನೋಡುವುದು, ಅದರಿಂದಲೂ ಆಗದಿದ್ದರೆ ಮಂಚದ ಪಕ್ಕಕ್ಕೇ ಕಮೋಡ್ ಕುರ್ಚಿ ತರುವುದು ಎಂದು ಮಾವ ತೀರ್ಮಾನಿಸಿದರು. ಕುರ್ಚಿಯ ಮಾತು ಬಂದಾಗಲೆಲ್ಲ ಅತ್ತೆ ಎದ್ದು ಹೋಗುತ್ತಿದ್ದರು. ಬೇಗ ಏಳಲಾಗದ್ದರಿಂದ ಮಾತು ಪೂರ್ತಿ ಕಿವಿಗೆ ಬೀಳುತ್ತಿತ್ತು.

ಮಾವ ಬೇರೆಯವರ ಮನೆಗಳಿಗೆ ಬಣ್ಣ ಹೊಡೆದೇ ಬಾಳು ಸವೆಸಿದವರು. ಕೆಲಸ ಬಿಟ್ಟ ಮೇಲೆ ಸ್ವಂತ ಮನೆಯ ಸರದಿ ಬಂತು. ಹಿಡಿಕೆಗಿಂತ ಮೊದಲು ಗೋಡೆ ಚೊಕ್ಕಟವಾಗಬೇಕು ಎಂದರು. ಮಲಗುವ ಕೋಣೆಯಿಂದ ಬಚ್ಚಲುಮನೆಯವರೆಗೂ ಉಜ್ಜಿ, ಪುಟ್ಟಿ ತುಂಬಿ, ಎರಡು ಕೋಟ್ ಹೊಡೆದರು. ದಾರಕ್ಕೆ ನೀಲಿ ಪುಡಿ ಸವರಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಎಳೆದು ಬಿಟ್ಟು, ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಗೆರೆ ಮೂಡಿಸಿದರು. ಫಿಟ್ಟರ್ ಬಂದು ಅಷ್ಟೂ ಹಿಡಿಕೆಗಳನ್ನು ಆ ಗೆರೆಯ ಮೇಲೇ ಕೂರಿಸಿದ. ನೋಡಲು ಚೆಂದವಿತ್ತು.

ಅತ್ತೆ ಮಾತ್ರ ಹಿಡಿಕೆ ಬಿಟ್ಟು ಪಕ್ಕದ ಗೋಡೆಗೆ ಕೈ ಊರುತ್ತಿದ್ದರು. ಹೊಸ ಬಣ್ಣದ ನುಣುಪಿಗೆ ಕೈ ಜಾರುತ್ತಿತ್ತು. ಅಭ್ಯಾಸವಾಗುತ್ತೆ ಎಂದು ಮಾವ, ಆಗಲ್ಲ ಎಂದು ಅತ್ತೆ. ಕೊನೆಗೆ ಮಾವ, ಭಾನುವಾರ ಹೋಗಿ ಕುರ್ಚಿ ನೋಡಿ ಬರುತ್ತೇನೆ ಎಂದರು. ಅತ್ತೆ ತಟ್ಟೆ ಸರಿಸಿ ಕೂತರು.

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಗೋಡೆ ಒರೆಸುತ್ತಿದ್ದವಳು ನಾನು. ಅದರ ಮೇಲೆ ಅತ್ತೆಯ ಅಂಗೈಯ ಜಿಡ್ಡುಗಲೆಗಳಿದ್ದವು: ಬಾಗಿಲ ಚೌಕಟ್ಟಿನ ಒಳಮೈಯಲ್ಲಿ, ಸ್ವಿಚ್ಚಿನ ಪಕ್ಕದಲ್ಲಿ, ಬಚ್ಚಲುಮನೆಯ ಹೊಸ್ತಿಲ ಬಳಿಯಂತೂ ಮಂಡಿಗಿಂತ ಒಂದು ಗೇಣು ಮೇಲೆ, ಅಷ್ಟೇ. ಒರೆಸಿದರೂ ಮತ್ತೆ ಅಲ್ಲೇ ಮೂಡುತ್ತಿದ್ದವು. ಮಾವ ಮೊದಲು ಉಜ್ಜಿದ್ದೇ ಅವನ್ನು. ಅವರೆದುರು ನನಗೆ ಬಾಯಿ ಬರಲಿಲ್ಲ. ಆ ಕಲೆಗಳಿದ್ದ ಕಡೆಯೇ ಹಿಡಿಕೆ ಬರಬೇಕಿತ್ತು ಎಂದು ಪಾತ್ರೆ ತೊಳೆಯುತ್ತಾ ಅತ್ತೆಗೆ ಹೇಳಿದೆ.

"ಇಷ್ಟು ದಿನ ಬಾಯಲ್ಲಿ ಏನು ಇಟ್ಕೊಂಡಿದ್ದೆ?" ಎಂದರು ಅತ್ತೆ. ಆಮೇಲೆ ನೀಲಿ ಪುಡಿಯ ಡಬ್ಬಿ ಎಲ್ಲಿ ಎಂದು ಕೇಳಿದರು.

ಮಾವ ಮಧ್ಯಾಹ್ನ ಮಲಗಿದ್ದಾಗ ಅತ್ತೆ ಎರಡೂ ಅಂಗೈಗೆ ಪುಡಿ ಮೆತ್ತಿಕೊಂಡು, ಎಂದಿನಂತೆ ಮಂಚದಿಂದ ಬಚ್ಚಲುಮನೆಗೆ ಹೋಗಿ ಬಂದರು. ನಾನು ಮುಟ್ಟದೆ ಹಿಂದೆ ನಡೆದೆ.

ಎದ್ದು ಬಂದ ಮಾವ ಗೋಡೆಯ ಮುಂದೆ ನಿಂತುಬಿಟ್ಟರು.

"ಇದಕ್ಕೇನಾ ನಾನು ಎರಡೆರಡು ಕೋಟ್ ಹೊಡೆದಿದ್ದು?"

"ನೀವು ಗೋಡೆ ನೋಡ್ಕೊಂಡು ಗೆರೆ ಹಾಕಿದ್ರಿ. ನಾನು ಬೀಳೋದು ಗೆರೆ ನೋಡ್ಕೊಂಡಲ್ಲ."

ಮಾವ ಒಂದೊಂದೇ ಗುರುತಿನ ಮೇಲೆ ತಮ್ಮ ಅಂಗೈ ಇಡುತ್ತಾ ಹೋದರು. ಹೊಸ್ತಿಲ ಬಳಿ ಬಗ್ಗಬೇಕಾಯಿತು.

"ಇಷ್ಟು ಬಗ್ತೀಯಾ ನೀನು?"

"ದಿನಾ ಕಾವಲು ನಿಂತಿದ್ರಲ್ಲ, ಕಾಣ್ಲಿಲ್ವಾ?"

"ಆ ಕಡೆ ಮುಖ ಮಾಡ್ಕೊಂಡಿರ್ತಿದ್ದೆ," ಎಂದರು ಮಾವ.

ಅತ್ತೆ ಕೈ ತೊಳೆಯಲು ಹೋದರು.

ಮರುದಿನ ಫಿಟ್ಟರ್ ಬಂದು ಹಿಡಿಕೆಗಳನ್ನು ಕಿತ್ತು ನೀಲಿ ಗುರುತುಗಳಿಗೆ ಕೂರಿಸಿದ. ಒಂದು ಮೇಲೆ, ಒಂದು ಕೆಳಗೆ, ಒಂದು ಓರೆ. ಯಜಮಾನರ ಗೆರೆ ಕುಡಿದು ಬಂದ ಹಾಗಿದೆ ಎಂದು ನಕ್ಕ. ಮಾವ ನಗಲಿಲ್ಲ, ಬೈಯಲೂ ಇಲ್ಲ. ಬಚ್ಚಲುಮನೆಯ ಕಮೋಡಿನ ಪಕ್ಕದ ಹಿಡಿಕೆಯನ್ನು ಅತ್ತೆ ಕೂತು ನೋಡಿ ಇನ್ನೂ ನಾಲ್ಕು ಬೆರಳು ಇಳಿಸಲು ಹೇಳಿದರು.

ಫಿಟ್ಟರ್ ಹೋದ ಮೇಲೆ ಅತ್ತೆ ಒಳಗೆ ಹೊರಟರು. ಮಾವ ಅಭ್ಯಾಸಬಲದಿಂದ ಬಾಗಿಲಲ್ಲಿ ನಿಂತರು.

"ನೀವಲ್ಲಿ ನಿಂತ್ರೆ ನಂಗೆ ಬರಲ್ಲ. ಹೋಗಿ."

ಬಾಗಿಲು ಮುಚ್ಚಿತು. ಮಾವ ಪುಟ್ಟಿ ಕಲಸಿಕೊಂಡು ಹಳೆಯ ತೂತುಗಳನ್ನು ಮುಚ್ಚತೊಡಗಿದರು. ನಡುನಡುವೆ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದರು. ಒಳಗೆ ನೀರು ಬಿಟ್ಟ ಸದ್ದು, ನಿಂತ ಸದ್ದು, ಮತ್ತೆ ಬಿಟ್ಟ ಸದ್ದು. ಅತ್ತೆ ಬೇಕಂತಲೇ ತಡ ಮಾಡಿದರು.