ಕಸ ಬಿಟ್ಟು ಹುಡುಕು

ಸ್ಟುಡಿಯೋದ ಕೀಬೋರ್ಡ್ ಮುಟ್ಟಬೇಕೆಂದರೆ ಎಡಿಟರಮ್ಮನಿಗೆ ದಿನಾ ಅಸಹ್ಯವಾಗುತ್ತಿತ್ತು. ಅದರ ಮುಂದೆ ಕೂತು ತಿನ್ನುವುದು ಭಾವ, ಒರೆಸುವುದು ಇವಳು. ಗುಂಡಿಗಳ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಉಗುರಿನ ಚೂರು, ಯಾವ ಜನ್ಮದ್ದೋ ಕೂದಲು. ಥೂ, ಇದೇನು ಫೋಟೋ ಸ್ಟುಡಿಯೋನೋ ಹಂದಿಗೂಡೋ! ಭಾವ ಎಂದರೆ ಗಂಡನ ಅಣ್ಣ, ಸ್ಟುಡಿಯೋದ ಯಜಮಾನ. ಮದುವೆಗಳಿಗೆ ಹೋಗಿ ಕ್ಯಾಮೆರಾ ಹಿಡಿಯುವುದು ಅವನು. ತಂದದ್ದನ್ನೆಲ್ಲ ಕತ್ತರಿಸಿ, ಜೋಡಿಸಿ, ನೋಡುವ ಹಾಗೆ ಮಾಡುವುದು ಇವಳು, ಅದಕ್ಕೇ ಎಲ್ಲರ ಬಾಯಲ್ಲೂ ಎಡಿಟರಮ್ಮ. ಎದುರಿಗೆ ‘ನೀವು’ ಅನ್ನುತ್ತಿದ್ದಳು, ಮನಸ್ಸಿನೊಳಗೆ ಅವನನ್ನು ಎಂದೋ ಏಕವಚನಕ್ಕೆ ಇಳಿಸಿಬಿಟ್ಟಿದ್ದಳು.

ಆವತ್ತು ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಅವಳ ಮದುವೆಯ ವಿಡಿಯೋ ಮಾಡಿಕೊಟ್ಟದ್ದು ಇದೇ ಸ್ಟುಡಿಯೋ. ಹೋದ ತಿಂಗಳು ಅವಳ ತಾಯಿ ತೀರಿಕೊಂಡಿದ್ದರು. ಫೋಟೋಗಳು ಬೇಕಾದಷ್ಟಿವೆ, ಧ್ವನಿ ಮಾತ್ರ ಎಲ್ಲೂ ಇಲ್ಲ. ಫೋನು ಎತ್ತಿ ಹಿಡಿದರೆ ಸಾಕು, ಅಮ್ಮ ಬಾಯಿ ಮುಚ್ಚಿಕೊಂಡು ನಗುತ್ತಿದ್ದರಂತೆ. ಆದರೆ ಮದುವೆಯ ದಿನ ಅಮ್ಮ ತಾವಾಗಿಯೇ ಕ್ಯಾಮೆರಾದ ಮುಂದೆ ಹೋಗಿ ನಿಂತು ಏನೋ ಹೇಳಿದ್ದನ್ನು ಮದುಮಗಳಾಗಿದ್ದ ಈ ಹೆಂಗಸು ವೇದಿಕೆಯ ಮೇಲಿಂದ ಕಂಡಿದ್ದಳು. ಫೈನಲ್ ವಿಡಿಯೋದಲ್ಲಿ ಆ ಭಾಗವೇ ಇಲ್ಲ. ಎಲ್ಲಾದರೂ ಉಳಿದಿರಬಹುದಾ ಎಂದು ಕೇಳಿದಳು.

ಭಾವ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನ ಹಾಗೆ ಮಾತಾಡಿದ. ತಾಯಿಗಿಂತ ದೊಡ್ಡವರು ಯಾರಿದ್ದಾರೆ ಅಂದ, ನಮ್ಮದೇ ಮನೆಯ ಕೆಲಸ ಅಂತ ತಿಳ್ಕೊಳ್ಳಿ ಅಂದ, ಕಣ್ಣು ಸಹ ಒರೆಸಿಕೊಂಡ. ಆಮೇಲೆ ಎಡಿಟರಮ್ಮನ ಕಿವಿಯ ಹತ್ತಿರ ಬಾಗಿ, ಸುಮ್ಮನೆ ಹುಡುಕಿದ ಹಾಗೆ ಮಾಡಿ ಸಾಗಹಾಕು, ಸಂಜೆ ಹಳೇ ಡಿಸ್ಕ್ ಅಳಿಸಬೇಕು ಅಂತ ಪಿಸುಗುಟ್ಟಿ ಎದುರಿನ ಅಂಗಡಿಗೆ ಟೀ ಕುಡಿಯಲು ಹೋದ. ಅವನ ಉಸಿರಿನ ನಾತಕ್ಕೆ ಇವಳು ಮುಖ ತಿರುಗಿಸಿಕೊಂಡಳು. ಆ ಹೆಂಗಸಿನ ಮದುವೆ ಇದ್ದದ್ದು ಅದೇ ಹಳೇ ಡಿಸ್ಕ್‌ನಲ್ಲಿ. ಈ ಡಿಸ್ಕ್‌ನಲ್ಲಿ ಇಲ್ಲದಿದ್ದರೆ ಇನ್ನೆಲ್ಲೂ ಇಲ್ಲ, ಸಂಜೆ ಕಳೆದರೆ ಇದರಲ್ಲೂ ಇಲ್ಲ.

ಹೆಂಗಸನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಎಡಿಟರಮ್ಮ ಫೈಲ್ ಹುಡುಕುವ ಸಾಫ್ಟ್‌ವೇರ್ ತೆರೆದಳು. ಮದುವೆ ಎಂದು ಟೈಪ್ ಮಾಡಿದ್ದೇ ತಡ, ಊರಿನ ಮದುವೆಗಳೆಲ್ಲ ಪರದೆಯ ಮೇಲೆ ಸುರಿದವು. ‘ಫೈನಲ್’, ‘ಹೊಸ ಫೈನಲ್’, ‘ಇದೇ ನಿಜವಾದ ಫೈನಲ್’, ‘ಇದಲ್ಲ’. ಕರ್ಮ! ಹೆಸರಿಡಲೂ ಯೋಗ್ಯತೆ ಬೇಕು. ಹೆಸರು ನಂಬಿ ಪ್ರಯೋಜನವಿಲ್ಲವೆಂದು ಆ ಪದ ಅಳಿಸಿ ಫಿಲ್ಟರ್‌ಗಳಿಗೆ ಇಳಿದಳು. ಮೊದಲು ಬರೀ ವಿಡಿಯೋ ಸಾಕು ಎಂದು ಆರಿಸಿದಳು, ಅರ್ಧ ಗುಜರಿ ಹೋಯಿತು. ಹೆಂಗಸು ಹೇಳಿದ ಮದುವೆಯ ದಿನಾಂಕ ಕೊಟ್ಟಳು, ಅವಳ ಮದುವೆ ಮಾತ್ರ ಉಳಿಯಿತು. ಕ್ಯಾಮೆರಾಗೆ ಮಾತಾಡುವವರು ಎಷ್ಟು ಹೊತ್ತು ಮಾತಾಡಿಯಾರು? ಉದ್ದದವನ್ನೆಲ್ಲ ತೆಗೆದು ಚಿಕ್ಕ ತುಣುಕುಗಳನ್ನಷ್ಟೇ ಉಳಿಸಿಕೊಂಡಳು. ಒಂದೊಂದಾಗಿ ತೆರೆದರು. ಅಮ್ಮ ಒಂದರಲ್ಲಿ ಬೆನ್ನು ಹಾಕಿ ನಿಂತಿದ್ದರು, ಇನ್ನೊಂದರಲ್ಲಿ ಯಾರದೋ ಭುಜದ ಹಿಂದೆ ಅರ್ಧ ಮುಖ. ಅಷ್ಟೇ.

ಹೆಂಗಸು ಏಳಲು ಬ್ಯಾಗಿಗೆ ಕೈ ಹಾಕಿದಳು. ಆಗ ಎಡಿಟರಮ್ಮನ ಕಣ್ಣು ಪರದೆಯ ಅಡಿಯಲ್ಲಿದ್ದ ಚಿಕ್ಕ ಸಾಲಿನ ಮೇಲೆ ಬಿತ್ತು. ಇಂತಿಂಥ ಫೋಲ್ಡರ್ ಬಿಟ್ಟು ಹುಡುಕು ಎನ್ನುವ ಜಾಗದಲ್ಲಿ ‘ಕಸ’ ಎಂದಿತ್ತು. ಅದನ್ನು ಹಾಕಿದವಳು ಬೇರೆ ಯಾರೂ ಅಲ್ಲ, ಇವಳೇ.

ಫೈನಲ್‌ಗೆ ಬೇಡವೆನಿಸಿದ ತುಣುಕುಗಳನ್ನು ಭಾವ ಇವಳ ಕೈಗೆ ಕೊಡುವ ಮೊದಲೇ ಕಸ ಎಂಬ ಫೋಲ್ಡರಿಗೆ ತುಂಬುತ್ತಿದ್ದ. ಎಲ್ಲ ಸ್ಟುಡಿಯೋದಲ್ಲೂ ಇರುವುದೇ. ಆದರೆ ಇವನು ಅದರೊಳಗೆ ಒಬ್ಬೊಬ್ಬರ ಮದುವೆಗೂ ಅಡ್ಡಹೆಸರಿನ ಫೋಲ್ಡರ್ ಮಾಡುತ್ತಿದ್ದ. ‘ಬಕ್ಕತಲೆ ಮಾವ’, ‘ಡ್ರಮ್ಮು ಮದುಮಗಳು’, ಇನ್ನೂ ಬಾಯಲ್ಲಿ ಹೇಳಲಾಗದಂಥವು. ಆಗಾಗ ಗೆಳೆಯರನ್ನು ಗುಡ್ಡೆ ಹಾಕಿಕೊಂಡು, ತಿನ್ನುವವರು, ತೂಕಡಿಸುವವರು, ಅಳುವವರು ಎಲ್ಲರನ್ನೂ ಹಾಕಿ ತೋರಿಸಿ ಹಲ್ಲು ಕಿಸಿಯುತ್ತಿದ್ದ. ಅನ್ನ ಹಾಕಿದವರನ್ನೇ ಆಡಿಕೊಳ್ಳುವ ಜಾತಿ. ಏನು ಹುಡುಕಿದರೂ ಆ ಹೆಸರುಗಳು ಕಣ್ಣಿಗೆ ಬಿದ್ದು ವಾಕರಿಕೆ ಬರುತ್ತದೆಂದು ಇವಳು ಆ ಫೋಲ್ಡರನ್ನೇ ಹೊರಗಿಟ್ಟು, ಇಟ್ಟದ್ದನ್ನೂ ಮರೆತುಬಿಟ್ಟಿದ್ದಳು. ಅಸಹ್ಯವೆಂದು ಬಟ್ಟೆ ಮುಚ್ಚಿದ್ದ ಬುಟ್ಟಿಯೊಳಗೆ ಏನಿದೆಯೆಂದು ಯಾರು ನೋಡಿದ್ದರು?

ಪರದೆಯನ್ನು ಸ್ವಲ್ಪ ತನ್ನ ಕಡೆಗೆ ತಿರುಗಿಸಿಕೊಂಡು ಆ ಸಾಲು ಅಳಿಸಿದಳು. ಪಟ್ಟಿಯ ಕೊನೆಗೆ ಹೊಸದೊಂದು ಫೈಲ್ ಬಂತು. ಪಕ್ಕದಲ್ಲಿ ಅದು ಇರುವ ಜಾಗ: ‘ಕಸ’, ಅದರೊಳಗೆ ‘ಗೊಣಗು ಮುದುಕಿ’.

ತಿರುಗಿಸಿದ್ದು ಸಾಲಲಿಲ್ಲ. ಹೆಂಗಸು ಆಗಲೇ ಓದಿಬಿಟ್ಟಿದ್ದಳು. ತೆರೆಯಿರಿ ಎನ್ನುವಂತೆ ತಲೆಯಾಡಿಸಿದಳು.

ಅಮ್ಮ ಎದುರಿಗೇ ಬಂದು ನಿಂತರು. ಸೆರಗು ಸರಿಮಾಡಿಕೊಂಡು, ಕ್ಯಾಮೆರಾವನ್ನು ಯಾರದೋ ಮುಖವೆಂಬಂತೆ ನೋಡಿ ಹೇಳಿದರು: “ಇದನ್ನ ಅವಳು ಆಮೇಲೆ ನೋಡ್ತಾಳೆ ಅಲ್ವಾ? ಮಗಾ, ಆ ಹೊಸ ಚಪ್ಪಲಿ ನಿನ್ನ ಕಾಲು ಕಚ್ತಾ ಇದೆ, ನಂಗೆ ಇಲ್ಲಿಂದಾನೇ ಕಾಣ್ಸುತ್ತೆ. ನಿನ್ನ ಹಳೇದು ಕಾರಿನ ಸೀಟಿನ ಕೆಳಗೆ ಇಟ್ಟಿದ್ದೀನಿ. ಇನ್ನೊಂದು ಮಾತು, ನೀನು...”

ಕ್ಯಾಮೆರಾದ ಹಿಂದಿನಿಂದ ಗಂಡಸಿನ ಧ್ವನಿ ಬಂತು. “ಏಯ್ ಮುದುಕಿ, ಆಚೆ ಸರಿ. ಫ್ರೇಮೆಲ್ಲ ಹೊಲಸಾಯ್ತು.”

ಅಮ್ಮ ತಪ್ಪಾಯಿತು ಎನ್ನುವ ಹಾಗೆ ನಕ್ಕು, ಪಕ್ಕಕ್ಕೆ ಸರಿದು ಹೋದರು. ಅವರು ನಿಂತಿದ್ದ ಜಾಗದಲ್ಲಿ ಒಂದು ಖಾಲಿ ಕುರ್ಚಿ ಕಾಣಿಸಿ ವಿಡಿಯೋ ಮುಗಿಯಿತು.

ಎಡಿಟರಮ್ಮನಿಗೆ ಆ ಧ್ವನಿ ಯಾರದೆಂದು ಕೇಳಬೇಕಾಗಿರಲಿಲ್ಲ. ಇವನ ಜೊತೆ ಒಂದೇ ಮನೆಯಲ್ಲಿ ಉಣ್ಣುತ್ತಿದ್ದೇನಲ್ಲ ಎಂದು ತನ್ನ ಮೇಲೂ ಹೇಸಿಗೆಯಾಯಿತು.

“ಚಪ್ಪಲಿ ನಮ್ಮ ಯಜಮಾನರು ಇಟ್ಟಿದ್ದು ಅಂದ್ಕೊಂಡಿದ್ದೆ,” ಎಂದಳು ಹೆಂಗಸು. ಅವಳ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೇ ಹೋಗಲಿಲ್ಲ.

ಭಾವ ಯಾವಾಗ ಬಾಗಿಲಿಗೆ ಬಂದಿದ್ದನೋ, ಅವನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಹುಡುಗರು ಯಾರೋ ಅಂದಿರಬೇಕು, ಗದ್ದಲದಲ್ಲಿ ಹೀಗೆಲ್ಲ ಆಗುತ್ತದೆ ಎಂದು ಏನೇನೋ ತೊದಲಿದ. ಹಾಗೆ ತೊದಲುತ್ತಿದ್ದದ್ದೂ ವಿಡಿಯೋದಲ್ಲಿದ್ದ ಅದೇ ಧ್ವನಿ. ಆಮೇಲೆ ತಮ್ಮನ ಹೆಂಡತಿಗೆ ಆಜ್ಞೆ ಮಾಡಿದ, ಆ ಕೊನೇ ಭಾಗ ಕತ್ತರಿಸಿ ಚೊಕ್ಕವಾಗಿ ಮಾಡಿಕೊಡು ಎಂದು.

“ಬೇಡ,” ಎಂದಳು ಹೆಂಗಸು. “ಅಮ್ಮ ಇನ್ನೊಂದು ಮಾತು ಹೇಳೋಕೆ ಹೊರಟಿದ್ರು. ಅದು ಯಾಕೆ ನಿಂತುಹೋಯ್ತು ಅಂತ ನನ್ನ ಹತ್ರ ಇರಲಿ.”

ಭಾವ ಮುಂದೆ ಬಂದು, ಇವಳ ಭುಜದ ಮೇಲಿಂದ ಕೈ ಚಾಚಿ ಮೌಸ್ ಹಿಡಿಯಲು ನೋಡಿದ. ಅಂಟಂಟು ಬೆರಳು ಅವಳ ಕೈಗೆ ತಗುಲಿತು. ಈ ಮನೆಗೆ ಬಂದಂದಿನಿಂದ ‘ಆಯ್ತು ಭಾವ’ ಬಿಟ್ಟು ಬೇರೆ ಮಾತು ಅವನಿಗೆ ಹೇಳಿದವಳಲ್ಲ ಅವಳು. ಕೈ ತೆಗೆಯಲಿಲ್ಲ, ಅವನ ಕಡೆ ತಿರುಗಲೂ ಇಲ್ಲ.

“ಆಚೆ ಸರಿ,” ಎಂದಳು.

ಅವನು ಸರಿದ. ಎಡಿಟರಮ್ಮ ಪೆನ್‌ಡ್ರೈವ್ ಹಾಕಿ, ಆ ತುಣುಕನ್ನು ಕತ್ತರಿಸದೆ ಇದ್ದ ಹಾಗೇ ಕಾಪಿಗೆ ಹಾಕಿದಳು. ಅದು ಮುಗಿಯುವವರೆಗೆ ಮೊದಲಿನಿಂದ ಇನ್ನೊಮ್ಮೆ ಕೇಳೋಣ ಎಂದು ಹೆಂಗಸಿನ ಕಡೆಗೆ ಪರದೆ ತಿರುಗಿಸಿದಳು.