ಅಕ್ಕನ ಪಾಲಿನ ಎರಡು ಗಂಟು

ತಮ್ಮನ ಮದುವೆಗೆ ಮಂಟಪ ಆರಿಸುವವಳು ತಾನೇ ಎಂದು ರುಕ್ಮಣಿ ಕೋಯಮತ್ತೂರು ಬಳಿಯ ಕರುಮತ್ತಂಪಟ್ಟಿಯಲ್ಲಿ ಅರ್ಧ ಊರಿಗೆ ಹೇಳಿಕೊಂಡು ತಿರುಗಿದಳು. ಹಾಲಿನವನಿಗೆ ಹೇಳಿದಳು, ನೂಲು ತಂದುಹಾಕುವ ಟೆಂಪೋದವನಿಗೆ ಹೇಳಿದಳು, ಸೋಮನೂರು ಬಸ್ಸಿನಲ್ಲಿ ಪಕ್ಕ ಕೂತವಳಿಗೂ ಹೇಳಿದಳು. ಹೇಳಲಿ ಬಿಡಿ. ಅವಳಿಗೆ ನಲವತ್ತೊಂದು ವರ್ಷ, ಇಷ್ಟು ವರ್ಷದಲ್ಲಿ ಮನೆಯವರು ಅವಳನ್ನು ಒಂದು ಮಾತು ಕೇಳಿ ಮಾಡಲು ಹೊರಟ ಕೆಲಸ ಅದೊಂದೇ.

“ನೀನು ಯಾವ್ದು ಅಂತೀಯೋ ಅದೇ ಮಂಡಪ ಅಕ್ಕಾ. ಬೇರೆ ಪೇಚ್ಚೇ ಇಲ್ಲೆ,” ಎಂದಿದ್ದ ತಮ್ಮ ರಾಜ್‌ಕುಮಾರ್.

ಅವನು ತಿರುಪ್ಪೂರಿನ ಬನಿಯನ್ ಎಕ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಟೈ ಕಟ್ಟಿಕೊಂಡು ಕೂರುವ ಕೆಲಸದಲ್ಲಿದ್ದ. ಆ ಟೈಗೆ ಬೇಕಾದ ಓದನ್ನೆಲ್ಲ ಕೊಡಿಸಿದ್ದು ಮನೆಯ ಹಿಂದಿನ ಶೆಡ್ಡಿನ ಆರು ಪವರ್‌ಲೂಮುಗಳು, ಆ ಆರನ್ನೂ ಓಡಿಸಿದವಳು ರುಕ್ಮಣಿ. ಅಮ್ಮ ಬೇಗ ತೀರಿಕೊಂಡಳು, ಅಪ್ಪ ನಂಜಪ್ಪನ್‌ಗೆ ಉಬ್ಬಸ. ಅವಳಿಗೆ ಹತ್ತೊಂಬತ್ತಿದ್ದಾಗ, ಕಡಿದ ಎಳೆಗೆ ಗಂಟು ಹಾಕಲು ಬಗ್ಗಿದ್ದ ಹೊತ್ತಿನಲ್ಲಿ, ಪಕ್ಕದ ಮಗ್ಗದ ಲಾಳಿ ಹಾರಿ ಎಡಗಣ್ಣಿಗೆ ಬಡಿಯಿತು. ಕಣ್ಣು ಹೋಯಿತು. ರೆಪ್ಪೆ ಒಳಕ್ಕೆ ಕುಸಿಯಿತು, ಹುಬ್ಬಿನಿಂದ ಕೆನ್ನೆಗೆ ಒಂದು ಗಾಯದ ಗೆರೆ ಉಳಿಯಿತು, ಹೆಣ್ಣು ನೋಡಲು ಬರುತ್ತಿದ್ದವರು ಬರುವುದನ್ನು ಬಿಟ್ಟರು. ಮಗ್ಗಗಳು ಮಾತ್ರ ಮೂರನೇ ವಾರಕ್ಕೆ ಮತ್ತೆ ಓಡಿದವು.

ಅಲ್ಲಿಂದೀಚೆಗೆ ನೆಂಟರ ಮದುವೆಗಳಲ್ಲಿ ಅವಳ ಜಾಗ ಅಡುಗೆಮನೆಯ ಬಾಗಿಲು. ಶುಭಕಾರ್ಯದಲ್ಲಿ ಒಕ್ಕಣ್ಣಿನವಳು ಎದುರಿಗೆ ಬರಬಾರದೆಂದು ಯಾರೂ ಬಾಯಿಬಿಟ್ಟು ಅಂದವರಲ್ಲ, ನಮ್ಮ ಜನ ಅಷ್ಟು ಕೆಟ್ಟವರಲ್ಲ ನೋಡಿ. ಊಟದ ಕಡೆ ಸ್ವಲ್ಪ ನೋಡ್ಕೋ ರುಕ್ಮಣಿ ಎನ್ನುತ್ತಿದ್ದರು, ಅಷ್ಟೇ. ಅವಳೂ ನೋಡಿಕೊಂಡಳು, ಇಪ್ಪತ್ತೆರಡು ವರ್ಷ.

ಆದರೆ ತಮ್ಮನ ಮದುವೆಯಲ್ಲಿ ಹಾಗೆ ಕಳಿಸುವಂತಿರಲಿಲ್ಲ. ತಲೆಮಾರುಗಳಿಂದ ಆ ತಮಿಳು ಸೀಮೆಯಲ್ಲೇ ನೆಲೆಸಿದ ಕನ್ನಡದ ನೇಕಾರರು ಅವರು, ಅವರ ಕಡೆ ತಾಳಿಗೆ ಮೂರು ಗಂಟು. ಮೊದಲನೆಯದನ್ನು ಗಂಡು ಹಾಕುತ್ತಾನೆ. ಉಳಿದೆರಡು ಅವನ ಒಡಹುಟ್ಟಿದವಳ ಪಾಲು. ಅವಳು ಹೆಣ್ಣಿನ ಬೆನ್ನ ಹಿಂದೆ ನಿಂತು, ಗಟ್ಟಿಮೇಳದ ನಡುವೆ, ಊರೆಲ್ಲ ನೋಡುತ್ತಿರುವಂತೆ ಆ ಎರಡು ಗಂಟು ಹಾಕಬೇಕು. ರಾಜ್‌ಕುಮಾರನಿಗೆ ಇದ್ದವಳು ಇವಳೊಬ್ಬಳೇ. ವೇದಿಕೆಯ ಮೇಲೆ, ಎಲ್ಲರ ಮುಂದೆ, ಯಾರೂ ಪಕ್ಕಕ್ಕೆ ಸರಿಸಲಾಗದ ಒಂದು ಜಾಗ ಅವಳಿಗೆ ಈ ಜನ್ಮದಲ್ಲಿ ಇದ್ದದ್ದು ಅದೊಂದು. ಅದಕ್ಕಾಗಿ ಅವಳು ಕಾದಿದ್ದಳು, ನಾಚಿಕೆ ಬಿಟ್ಟು ಕಾದಿದ್ದಳು.

ಫೋಟೋ ತೆಗೆಯುವವನು ಸತೀಶ್‌ಕುಮಾರ್ ಎಂಬುವನು. ಕೋಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ, ಪಂಪು ರಿಪೇರಿಯ ವರ್ಕ್‌ಶಾಪೊಂದರ ಮೇಲೆ ಅವನ ಸ್ಟುಡಿಯೋ. ಅವನದೊಂದು ಕಟ್ಟಳೆ. ಮಂಟಪವನ್ನು ಮುಹೂರ್ತದ ಹೊತ್ತಿಗೇ ಹೋಗಿ ನೋಡಬೇಕು, ಏಳೂವರೆಯಿಂದ ಒಂಬತ್ತರ ಒಳಗೆ, ಆ ಬೆಳಕು ತಾನು ಕಣ್ಣಾರೆ ಕಂಡ ಮೇಲೇ ಮಿಕ್ಕ ಮಾತು. ಹೀಗಾಗಿ ದೀಪಾವಳಿ ಬರುವ ಐಪ್ಪಸಿ ತಿಂಗಳಲ್ಲಿ ಒಂದೊಂದು ಭಾನುವಾರಕ್ಕೆ ಒಂದೊಂದು ಮಂಟಪವಾಯಿತು. ಕಾರಿನಲ್ಲಿ ಹಿಂದಿನ ಸೀಟಿಗೆ ರುಕ್ಮಣಿ ಮತ್ತು ಮದುವೆಯ ಹುಡುಗಿ ಜನನಿ, ಮುಂದೆ ರಾಜ್‌ಕುಮಾರ್, ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಸತೀಶ್‌ಕುಮಾರ್. ಸಿಂಗಾನಲ್ಲೂರಿನ ಜನನಿ ಮೆತ್ತಗಿನ ಹುಡುಗಿ, ಮಾತಿಗೊಂದು ಅಕ್ಕಾ ಎನ್ನುತ್ತಿದ್ದಳು.

ಮೊದಲನೆಯದು ಅವರದೇ ಊರಿನ, ಚೌಡೇಶ್ವರಿ ಗುಡಿಯ ಪಕ್ಕದ ಜಾತಿ ಮಂಟಪ. ಸತೀಶ್‌ಕುಮಾರ್ ಹೊಸಿಲಲ್ಲೇ ಮುಖ ಸಿಂಡರಿಸಿದ. ಹಸಿರು ಗೋಡೆಗೆ ಟ್ಯೂಬ್‌ಲೈಟು ಬಿದ್ದರೆ ಮದುಮಕ್ಕಳು ಕಾಮಾಲೆ ಹಿಡಿದವರ ಹಾಗೆ ಬರುತ್ತಾರೆ ಎಂದ. ಸುತ್ತಲಿನ ಮಗ್ಗಗಳ ಸದ್ದು ವಿಡಿಯೋದಲ್ಲಿ ಮಂತ್ರವನ್ನೇ ನುಂಗುತ್ತದೆ ಎಂದ. ರುಕ್ಮಣಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳಿಗೂ ಆ ಮಂಟಪ ಬೇಡವಾಗಿತ್ತು, ಕಾರಣ ಮಾತ್ರ ಬೇರೆ. ವೇದಿಕೆ ಪೂರ್ವಕ್ಕೆ ಮುಖ ಮಾಡಿದೆ, ಕಿಟಕಿಗಳೆಲ್ಲ ಬಡಗಣಕ್ಕೆ. ಅಲ್ಲಿ ನಿಂತರೆ ಬೆಳಕೆಲ್ಲ ಅವಳ ಎಡಗೆನ್ನೆಯ ಮೇಲೆ.

ಬೆಳಕಿನ ವಿಷಯದಲ್ಲಿ ಆ ಸತೀಶ್‌ಕುಮಾರನಿಗೇ ಪಾಠ ಹೇಳುವಷ್ಟು ಅವಳು ಬಲ್ಲಳು. ಯಾವ ಮನೆಗೆ ಹೋದರೂ ಎಲ್ಲಿ ಕೂತರೆ ಎಡಭಾಗ ನೆರಳಿಗೆ ಬೀಳುತ್ತದೆಂದು ನೋಡಿಯೇ ಕೂರುತ್ತಿದ್ದಳು. ತಾಳಿಗೆ ಗಂಟು ಹಾಕುವ ಫೋಟೋ ಮನೆಯ ನಡುಗೋಡೆಗೆ ಬರುತ್ತದೆ. ಅದರಲ್ಲಾದರೂ ತಾನು ಚೆನ್ನಾಗಿ ಕಾಣಬೇಕೆಂದು ಅವಳಿಗೆ ಆಸೆ.

ಎರಡನೆಯ ಭಾನುವಾರ ಸಿಂಗಾನಲ್ಲೂರಿನ ಏಸಿ ಹಾಲ್. ಕಿಟಕಿಯೇ ಇಲ್ಲ, ಮೇಲೆ ಕೆಳಗೆ ಎಡ ಬಲ ಎಲ್ಲ ದೀಪವೇ ದೀಪ, ಮುಖ ಮರೆಸಿಕೊಳ್ಳಲು ಒಂದು ಅಂಗೈಯಷ್ಟು ನೆರಳಿಲ್ಲ. ಏಸಿಯ ಚಳಿ ಅಪ್ಪನ ಉಬ್ಬಸಕ್ಕೆ ಆಗಿಬರುವುದಿಲ್ಲವೆಂದು ರುಕ್ಮಣಿ ತಣ್ಣಗೆ ಒಂದು ನೆವ ಹೇಳಿದಳು. ರಾಜ್‌ಕುಮಾರ್, ಜನನಿ ಇಬ್ಬರೂ ಒಂದೇ ಉಸಿರಿಗೆ ಒಪ್ಪಿಬಿಟ್ಟರು. ತನ್ನ ಮಾತಿಗೆ ಇಷ್ಟು ಬೆಲೆಯೇ ಎಂದು ಅವಳು ಹಿಗ್ಗಿದಳು, ಹುಚ್ಚಿ.

ಮೂರನೆಯದು ಸೂಲೂರು ದಾಟಿ ಪಲ್ಲಡಂ ದಾರಿಯಲ್ಲಿ, ಹಳೆಯ ತೆಂಗಿನ ತೋಟವೊಂದನ್ನು ರಿಸಾರ್ಟ್ ಮಾಡಿದ ಜಾಗ. ಬಯಲಲ್ಲಿ ಕಲ್ಲುಕಂಬದ ಮಂಟಪ, ಪೂರ್ವಕ್ಕೆ ಮುಖ. ಬಡಗಣ ಬದಿಗೆ ತೆಂಗು ಒತ್ತಾಗಿ ಬೆಳೆದು ಅಲ್ಲೆಲ್ಲ ನೆರಳು. ತೆಂಕಣ ಬದಿ ತೆರವಾಗಿ ಎಳೆಬಿಸಿಲು ಓರೆಯಾಗಿ ಒಳಗೆ ಬೀಳುತ್ತಿತ್ತು. ರುಕ್ಮಣಿ ಹಸೆ ಹಾಕುವ ಜಾಗದ ಹಿಂದೆ ಹೋಗಿ ನಿಂತಳು. ಬಲಗೆನ್ನೆಗೆ ಬಿಸಿಲು ತಾಗಿತು, ಎಡಗೆನ್ನೆ ತಂಪಾಗಿಯೇ ಇತ್ತು. ಒಂದು ಫೋಟೋ ತೆಗೆ ಎಂದು ತಮ್ಮನಿಗೆ ಹೇಳಿದಳು. ಅವನ ಮೊಬೈಲಿನಲ್ಲಿ ತನ್ನನ್ನು ನೋಡಿಕೊಂಡಳು. ಅರ್ಧ ಮುಖ ಬೆಳಕಲ್ಲಿ, ಅರ್ಧ ನೆರಳಲ್ಲಿ, ಲಕ್ಷಣವಾದ ಹೆಂಗಸೊಬ್ಬಳು ನಿಂತಿದ್ದಳು.

“ಇದೇ ಆಗ್ಲಿ ಸಾಮಿ. ಇದೇ ಚೆನ್ನಾಗದೆ,” ಎಂದಳು ತಮ್ಮನಿಗೆ.

ರಾಜ್‌ಕುಮಾರ್ ಜನನಿಯ ಮುಖ ನೋಡಿದ. ಇಬ್ಬರ ಎದೆಯಿಂದಲೂ ದೊಡ್ಡ ಭಾರ ಇಳಿದ ಹಾಗಿತ್ತು. ಸತೀಶ್‌ಕುಮಾರನಿಗಂತೂ ಖುಷಿಯೋ ಖುಷಿ. ಅವನಿಗೆ ಮನೆಯೊಳಗಿನ ಗುಟ್ಟು ಏನು ಗೊತ್ತು, ಎಲ್ಲರಿಗೂ ಎಲ್ಲ ತಿಳಿದಿದೆ ಎಂದುಕೊಂಡು ತಮಿಳಿನಲ್ಲಿ ವಿವರಿಸತೊಡಗಿದ. ಮದುಮಕ್ಕಳ ಹಿಂದೆ ಈ ಕಂಬದಿಂದ ಆ ಕಂಬಕ್ಕೆ ಮಲ್ಲಿಗೆಯ ದಪ್ಪ ಪರದೆ. ಹುಡುಗಿಯ ಕುತ್ತಿಗೆಯ ನೇರಕ್ಕೆ ಅದರಲ್ಲೊಂದು ಕಿಂಡಿ. ಗಂಡಿನ ಅಕ್ಕ ಪರದೆಯ ಆಚೆ ನಿಲ್ಲುತ್ತಾರೆ. ಹೂವಿನೊಳಗಿಂದ ಎರಡು ಕೈ ಮಾತ್ರ ಹೊರಗೆ ಬಂದು ಗಂಟು ಹಾಕುತ್ತವೆ, ಮುಖವಿಲ್ಲ, ಮೈಯಿಲ್ಲ. ಇಂಥ ಫೋಟೋ ಕೋಯಮತ್ತೂರಿನಲ್ಲೇ ಯಾರೂ ತೆಗೆದಿಲ್ಲ. ಅಕ್ಕ ಇವತ್ತಿನಿಂದಲೇ ಕೈಗೆ ಎಣ್ಣೆ ಹಚ್ಚಿಕೊಳ್ಳಲಿ, ಬೆರಳು ತುಂಬ ಒರಟಾಗಿವೆ ಎಂದ. ಆಮೇಲೆ ರಾಜ್‌ಕುಮಾರನ ಕಡೆ ತಿರುಗಿ, ಅವತ್ತು ಸ್ಟುಡಿಯೋಗೆ ಬಂದು ನೀವು ಕೇಳಿದ ಮೇಲೇ ಸಾರ್ ಇದು ನನಗೆ ಹೊಳೆದದ್ದು ಎಂದು ಕೃತಜ್ಞತೆ ಹೇಳಿದ.

ರುಕ್ಮಣಿ ತಮ್ಮನನ್ನೇ ನೋಡಿದಳು. ಜನನಿ ದೂರದ ತೆಂಗಿನಮರವೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

“ತಪ್ಪಾಗಿ ನೆನೀಬೇಡ ಅಕ್ಕಾ,” ಎಂದ ರಾಜ್‌ಕುಮಾರ್. “ಗಂಟು ನೀನೇ ತಾನೇ ಹಾಕೋದು. ಪೋಟೋ ಅನ್ನೋದು ಲೈಫ್ ಪೂರಾ ಇರೋದಲ್ವಾ, ಅದಕ್ಕೆ.”

“ಈ ಮುಖವೂ ಲೈಫ್ ಪೂರಾ ಇರೋದೇ,” ಎಂದಳು ರುಕ್ಮಣಿ.

ಆದರೆ ಆ ತೋಟವೇ ಬೇಡ ಎನ್ನಲು ಅವಳಿಗೆ ಬಾಯಿ ಎಲ್ಲಿತ್ತು? ಮೂರು ವಾರ ಸುತ್ತಿ, ಇದು ಬೇಡ ಅದು ಬೇಡವೆಂದು, ಬೆರಳು ತೋರಿಸಿ ತಾನೇ ಆರಿಸಿದ ಮಂಟಪ. ತಾನು ಚೆನ್ನಾಗಿ ಕಾಣುವ ಜಾಗವನ್ನು ಅವಳು ಹುಡುಕುತ್ತಿದ್ದಳು, ಅವಳು ಕಾಣದೆ ಹೋಗುವ ಜಾಗವನ್ನು ಅವರು ಹುಡುಕುತ್ತಿದ್ದರು. ಹೊತ್ತಿಗೆ ಸರಿಯಾಗಿ ಇಬ್ಬರಿಗೂ ಸಿಕ್ಕಿದ್ದು ಅದೇ ತೋಟ. ಎತ್ತಿ ಸಾಕಿದ ಹುಡುಗ ಸ್ಟುಡಿಯೋದ ಮೆಟ್ಟಿಲು ಹತ್ತಿ ಹೋಗಿ ಅಕ್ಕನ ಮುಖ ಮರೆಸಲು ಉಪಾಯ ಕೇಳಿದನಲ್ಲ ಎಂದು ಅವಳಿಗೆ ಲಾಳಿಯ ಪೆಟ್ಟಿಗಿಂತ ಹೆಚ್ಚು ನೋವಾಯಿತು.

ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ ಮದುವೆ. ಮಲ್ಲಿಗೆಯ ಪರದೆ ಸತೀಶ್‌ಕುಮಾರ್ ಹೇಳಿದಂತೆಯೇ ಬಂದಿತ್ತು. ರುಕ್ಮಣಿ ಮಾವಿನಹಣ್ಣಿನ ಮಾಂಬಳ ಬಣ್ಣದ ರೇಷ್ಮೆ ಸೀರೆ ಉಟ್ಟು, ಅದರ ಹಿಂದೆ, ವೈರು ಮತ್ತು ಖಾಲಿ ಹೂಬುಟ್ಟಿಗಳ ನಡುವೆ ನಿಂತಳು. ಗಟ್ಟಿಮೇಳ ಏರಿತು. ಕಿಂಡಿಯಲ್ಲಿ ಜನನಿಯ ಕುತ್ತಿಗೆ ಕಂಡಿತು, ರಾಜ್‌ಕುಮಾರ್ ಮೊದಲ ಗಂಟು ಹಾಕಿದ್ದು ಕಂಡಿತು, ಅರಿಶಿನದ ದಾರದ ಎರಡು ತುದಿಗಳನ್ನು ಅವನು ಹಿಂದಕ್ಕೆ ಚಾಚಿದ್ದೂ ಕಂಡಿತು.

ಅವಳು ಕೈ ಚಾಚಲಿಲ್ಲ. ಬೇಕೆಂದು ಯೋಚಿಸಿ ಮಾಡಿದ್ದಲ್ಲ, ಕೈಯೇ ಮೇಲೇಳಲಿಲ್ಲ. ನಾದಸ್ವರದವನ ಉಸಿರು ಕಟ್ಟುವವರೆಗೂ ಮೇಳ ಎಳೆಯಿತು. ಮಂತ್ರ ಹೇಳುತ್ತಿದ್ದ ಅಯ್ಯರು ಎರಡು ಸಲ ಕರೆದರು. ಮುಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ರಾಜ್‌ಕುಮಾರ್ ಹೂವಿಗೆ ಬಾಯಿ ಹತ್ತಿರ ತಂದು, “ಅಕ್ಕಾ, ಕೈ ಕೊಡಕ್ಕಾ,” ಎಂದು ಬೇಡಿಕೊಂಡ.

ರುಕ್ಮಣಿ ಪರದೆಯ ಅಂಚಿನಿಂದ ಸುತ್ತಿ ಈಚೆ ಬಂದಳು. ಹೆಣ್ಣಿನ ಹಿಂದೆ, ಊರಿನೆದುರು, ಎರಡು ಕ್ಯಾಮೆರಾಗಳ ಎದುರು ನಿಂತಳು. ಈ ಸಲ ಮುಖ ಓರೆ ಮಾಡಲಿಲ್ಲ, ನೆರಳು ಹುಡುಕಲಿಲ್ಲ. ದಿನಕ್ಕೆ ಸಾವಿರ ಎಳೆ ಕಟ್ಟಿದ ಕೈ ಅದು; ಕಣ್ಣು ಮುಚ್ಚಿ ಹಾಕಬಲ್ಲ ಗಂಟುಗಳನ್ನು ಅವಳು ನಿಧಾನವಾಗಿ, ಎಲ್ಲರೂ ನೋಡಿ ಮುಗಿಸುವಷ್ಟು ಹೊತ್ತು ಹಾಕಿದಳು. ಸತೀಶ್‌ಕುಮಾರ್ ಬಿಡದೆ ಫೋಟೋ ತೆಗೆದ. ಅವತ್ತು ಅವಳು ಮೊದಲ ಪಂಕ್ತಿಯಲ್ಲೇ ಎಲೆಯ ಮುಂದೆ ಕೂತು ಉಂಡಳು, ಊಟದ ಕಡೆ ನೋಡ್ಕೋ ಎಂದು ಯಾರೂ ಅನ್ನಲಿಲ್ಲ.

ಆಲ್ಬಮ್ ಬಂದದ್ದು ಎರಡು ತಿಂಗಳು ಕಳೆದು, ಪಂಗುಣಿಯಲ್ಲಿ. ಮದುವೆಯ ದಿನ ಕಣ್ಣಿನ ಪೊರೆಯಿಂದ ಏನೂ ಕಾಣದೆ ಕೂತಿದ್ದ ನಂಜಪ್ಪನ್‌ಗೆ ಅಷ್ಟರಲ್ಲಿ ಆಪರೇಷನ್ ಆಗಿತ್ತು. ಮಗಳು ಗಂಟು ಹಾಕಿದ್ದನ್ನು ಕೇಳಿಸಿಕೊಂಡೆ, ಇನ್ನು ಕಣ್ಣಾರೆ ನೋಡಬೇಕು ಎಂದು ದಿನವೂ ಆಲ್ಬಮ್ ವಿಚಾರಿಸುತ್ತಿದ್ದರು. ರಾಜ್‌ಕುಮಾರ್, ಜನನಿ ಭಾನುವಾರ ಅದನ್ನು ಹೊತ್ತು ತಂದು ಪಡಸಾಲೆಯಲ್ಲಿ ಬಿಚ್ಚಿದರು. ರಾಜ್‌ಕುಮಾರನ ಮುಖದಲ್ಲಿ ಏನೋ ಬಹುಮಾನ ತಂದವನ ಕಳೆ. ಆ ಪುಟ ತೆಗೆದು ಮೊದಲು ಅಕ್ಕನ ಮುಂದೆ ಹಿಡಿದ.

ಎರಡು ಪುಟ ತುಂಬ ಒಂದೇ ಫೋಟೋ. ಜನನಿಯ ಹಿಂದೆ ಮಾಂಬಳ ಬಣ್ಣದ ಸೀರೆಯ ಹೆಂಗಸು, ಕೈಯಲ್ಲಿ ಅರಿಶಿನದ ದಾರ. ಅವಳಿಗೆ ಎರಡು ಕಣ್ಣು. ಗಾಯದ ಗೆರೆ ಇಲ್ಲ, ಕೆನ್ನೆ ನುಣ್ಣಗಿದೆ. ಹತ್ತನೇ ಕ್ಲಾಸಿನ ಹಾಲ್‌ಟಿಕೆಟ್ಟಿನ ಹಳೇ ಫೋಟೋ ಹುಡುಕಿ ಕೊಟ್ಟೆ, ಅದರಿಂದ ಕಣ್ಣು ಎತ್ತಿ ಕೂರಿಸಿದ್ದಾನೆ ಎಂದು ರಾಜ್‌ಕುಮಾರ್ ಹೇಳಿದ. ಅವಳಿರುವ ಪುಟಗಳಿಗೆಲ್ಲ ಹಾಗೇ ಮಾಡಿಸಿದ್ದನಂತೆ.

“ಮುಂಚೇನೇ ಇದು ತೋಚಿದ್ರೆ ಆ ಪರದೆಯೇ ಬೇಕಿರ್ಲಿಲ್ಲ ಅಕ್ಕಾ,” ಎಂದ. ಪ್ರೀತಿಯಿಂದಲೇ ಅಂದ, ಅದೇ ಕಷ್ಟ.

ಒಂದು ಗಳಿಗೆ ರುಕ್ಮಣಿಗೆ ಆ ಹೆಂಗಸು ಇಷ್ಟವಾದಳು. ಸುಳ್ಳೇಕೆ ಹೇಳಬೇಕು, ತುಂಬ ಇಷ್ಟವಾದಳು. ಆಮೇಲೆ ಆ ಹದಿನಾರರ ಕಣ್ಣು ತನ್ನನ್ನು ಗುರುತಿಲ್ಲದವಳ ಹಾಗೆ ನೋಡುತ್ತಿದೆ ಅನ್ನಿಸಿತು. ಜನ್ಮದಲ್ಲಿ ಒಂದು ಸಲ ಮುಖ ತೋರಿಸಿ ನಿಂತದ್ದಕ್ಕೆ ಇನ್ನು ಎಲ್ಲೂ ಸಾಕ್ಷಿ ಇರಲಿಲ್ಲ.

ನಂಜಪ್ಪನ್ ಆಲ್ಬಮನ್ನು ತೊಡೆಗೆ ಎಳೆದುಕೊಂಡರು. ಹೊಸ ಕನ್ನಡಕ ಸರಿಮಾಡಿಕೊಂಡು ಆ ಫೋಟೋವನ್ನು ಬಹಳ ಹೊತ್ತು ನೋಡಿದರು.

“ಗಂಟು ಹಾಕ್ತಾ ಇರೋದು ಯಾರು ಅಮ್ಮಣಿ, ಹುಡುಗಿ ಕಡೆಯವರಾ?” ಎಂದು ರುಕ್ಮಣಿಯನ್ನು ಕೇಳಿದರು.

“ಅಪ್ಪಾ, ಅದು ಅಕ್ಕ,” ಎಂದ ರಾಜ್‌ಕುಮಾರ್.

“ನನ್ನ ಮಗಳು ನಂಗೆ ತಿಳಿಯಲ್ವೇನಪ್ಪಾ? ಇವಳು ಬೇರೆ ಯಾರೋ.”

ಜನನಿ ತಲೆ ತಗ್ಗಿಸಿದಳು. ರಾಜ್‌ಕುಮಾರ್ ಸಹಾಯಕ್ಕೆಂಬಂತೆ ಅಕ್ಕನ ಕಡೆ ನೋಡಿದ. ಮುದುಕರು ಬೆರಳಿಗೆ ಎಂಜಲು ತಾಗಿಸಿಕೊಂಡು ಪುಟ ತಿರುವಿದರು, ಇನ್ನೊಂದು ತಿರುವಿದರು, ಗುಂಪಿನ ಫೋಟೋಗಳಲ್ಲಿ ಒಂದೊಂದೇ ಮುಖದ ಮೇಲೆ ಬೆರಳಿಟ್ಟು ಸರಿಸಿದರು. ಹಾಗೆ ಕೊನೆಯ ಹಾಳೆಯವರೆಗೂ ತಮ್ಮ ಮಗಳನ್ನು ಹುಡುಕಿದರು.